ಸರೋವರದ ದಡದ ಊರು, ಕಾರಿಲ್ಲದ ನಾವು

ರಜೆ ಹತ್ತಿರ ಬಂತು ಅಂದರೆ ನನಗೆ ಬರುವ ಪತ್ರಗಳ ರಾಗವೇ ಬದಲಾಗುತ್ತದೆ. ಈ ಸಲ ಒಂದೇ ವಿಷಯದ ಮೇಲೆ ಸುಮಾರು ಪತ್ರ ಬಂದಿವೆ. ಎಲ್ಲವನ್ನೂ ಹಾಕಲು ಜಾಗ ಇಲ್ಲ, ಕೆಲವನ್ನು ಆರಿಸಿಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಅದರಲ್ಲಿ ಹೇಳಿದ್ದು ಮಿಕ್ಕವರಿಗೂ ಬೇಕಾಗುತ್ತದೆ.

ಪ್ರಶ್ನೆ: ನಾನು, ನನ್ನ ಹೆಂಡತಿ ಸರೋವರದ ದಡದ ಒಂದು ಸಣ್ಣ ಊರಲ್ಲಿ ಐದು ದಿನ ಇರಲು ರೂಮ್ ಬುಕ್ ಮಾಡಿದ್ದೇವೆ. ಇಬ್ಬರಿಗೂ ಡ್ರೈವಿಂಗ್ ಬರುವುದಿಲ್ಲ. ಬಸ್ಸು ದಿನಕ್ಕೆ ನಾಲ್ಕೇ ಸಲ ಅಂತೆ, ದೋಣಿ ಇದೆ ಅಂತೆ. "ಕಾರಿಲ್ಲದೆ ಅಲ್ಲಿ ಏನು ಮಾಡ್ತೀರಿ, ಎರಡನೇ ದಿನಕ್ಕೇ ಬೋರ್ ಹೊಡೆಯುತ್ತೆ" ಅಂತ ಸ್ನೇಹಿತರೆಲ್ಲ ಹೆದರಿಸುತ್ತಿದ್ದಾರೆ. ನಮಗೆ ನಡೆಯುವುದು, ಸೈಕಲ್ ತುಳಿಯುವುದು ಎರಡೂ ಇಷ್ಟ. ಬುಕಿಂಗ್ ರದ್ದು ಮಾಡೋದಾ?

ಉತ್ತರ: ಖಂಡಿತ ಬೇಡ. ನಿಮ್ಮ ಸ್ನೇಹಿತರನ್ನು ಒಂದು ಮಾತು ಕೇಳಿ ನೋಡಿ. ಕಾರಲ್ಲಿ ಬಂದವರು ನಡೆಯಲು ಹೊರಟರೆ ಕೊನೆಗೆ ಎಲ್ಲಿಗೆ ಬರಬೇಕು? ಕಾರು ನಿಲ್ಲಿಸಿದ ಕಡೆಗೇ ಅಲ್ವಾ. ಅರ್ಧ ದಾರಿ ಹೋಗಬೇಕು, ಅದೇ ಅರ್ಧ ದಾರಿಯನ್ನು ಇನ್ನೊಂದು ಸಲ ತುಳಿದು ಬರಬೇಕು. ನಿಮಗೆ ಆ ಗೂಟ ಇಲ್ಲ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಇಳಿದು, ಮತ್ತೊಂದು ದಾರಿಯಲ್ಲಿ ಮನೆ ಸೇರಬಹುದು.

ಇನ್ನು ಕೆಲವು ಸರೋವರಗಳಲ್ಲಿ ಕಾರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಜರ್ಮನಿಯ ಕ್ಯೋನಿಗ್ಸ್‌ಸೀ ಸರೋವರದ ಎರಡೂ ಬದಿ ಕಡಿದಾದ ಬಂಡೆ, ಸುತ್ತ ರಸ್ತೆಯೇ ಇಲ್ಲ. ಅಲ್ಲಿ 1909ರಿಂದ ವಿದ್ಯುತ್ ದೋಣಿಗಳು ಓಡುತ್ತಿವೆ. ಮಧ್ಯದಲ್ಲಿ ದೋಣಿ ನಿಲ್ಲಿಸಿ ದೋಣಿಯವರು ಬಂಡೆಯ ಕಡೆ ತಿರುಗಿ ತುತ್ತೂರಿ ಊದುತ್ತಾರೆ, ಬಂಡೆ ಅದನ್ನು ವಾಪಸ್ ಊದುತ್ತದೆ. ಎಷ್ಟು ದೊಡ್ಡ ಕಾರಲ್ಲಿ ಬಂದವನಾದರೂ ಟಿಕೆಟಿಗೆ ನಿಮ್ಮ ಹಿಂದೆಯೇ ನಿಲ್ಲಬೇಕು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಊರಿನದು ಇನ್ನೂ ಚೆಂದ. ರೈಲ್ವೆ ಸ್ಟೇಷನ್ ಸರೋವರದ ಈ ದಡದಲ್ಲಿ, ಊರು ಆ ದಡದಲ್ಲಿ. ರೈಲು ಇಳಿದವರನ್ನು ದೋಣಿ ಕರೆದುಕೊಂಡು ಹೋಗುತ್ತದೆ. ಆ ಊರನ್ನು ನೀರಿನ ಕಡೆಯಿಂದ, ನಿಧಾನವಾಗಿ ದೊಡ್ಡದಾಗುವುದನ್ನು ನೋಡುತ್ತ ಸೇರುವ ಭಾಗ್ಯ ರೈಲಲ್ಲಿ ಬಂದವರದು. ಕಾರಿನವರು ರಸ್ತೆಯಲ್ಲಿ ಬರುತ್ತಾರೆ, ಪಾಪ.

ಈಗ ಕೆಲಸದ ಮಾತು. ಕಾರಿಲ್ಲದವರು ನೆನಪಿಡಬೇಕಾದ್ದು ಇಷ್ಟೇ: ಗಾಡಿ ಮೊದಲು, ಕಾಲು ಆಮೇಲೆ. ಬೆಳಿಗ್ಗೆ ಬಸ್ಸೋ ದೋಣಿಯೋ ಹತ್ತಿ ದೂರದ ತುದಿಗೆ ಹೋಗಿಬಿಡಿ. ಅಲ್ಲಿಂದ ಮನೆ ಕಡೆ ನಡೆಯುತ್ತ ಬನ್ನಿ.

ಮೊದಲ ಸಲ ನಾನು ಉಲ್ಟಾ ಮಾಡಿದ್ದೆ. ಬೆಳಿಗ್ಗೆ ಹುರುಪಿನಲ್ಲಿ ನಡೆದು ಹೋಗುವುದು, ಸಂಜೆ ಸುಸ್ತಾದಾಗ ಬಸ್ಸಲ್ಲಿ ಬರುವುದು ಅಂತ ಲೆಕ್ಕ. ಕೇಳೋಕೆ ಚೆನ್ನಾಗಿದೆ, ಅಲ್ವಾ? ದಿನವೆಲ್ಲ ಗಡಿಯಾರ ನೋಡಿದ್ದೇ ಆಯ್ತು. ಒಂದು ಕಡೆ ನೀರಿಗೆ ಕಾಲು ಇಳಿಬಿಟ್ಟು ಕೂರೋಣ ಅಂದರೆ ಬಸ್ಸು, ಒಂದು ಹಕ್ಕಿ ನೋಡೋಣ ಅಂದರೆ ಬಸ್ಸು. ಕೊನೆಗೆ ಹತ್ತು ನಿಮಿಷ ಮೊದಲೇ ಸ್ಟಾಪಿಗೆ ಹೋಗಿ ನಿಂತೆ. ಬಸ್ಸು ಬರಲಿಲ್ಲ. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರೆ ಆ ಹೊತ್ತಿನ ಪಕ್ಕ ಒಂದು ಚುಕ್ಕಿ ಗುರುತು, ಕೆಳಗೆ ಸಣ್ಣ ಅಕ್ಷರದಲ್ಲಿ "ಶಾಲೆ ಇರುವ ದಿನ ಮಾತ್ರ". ಅವತ್ತು ರಜೆ. ಏಳು ಕಿಲೋಮೀಟರ್, ಕತ್ತಲು, ಒದ್ದೆ ಶೂ. ಬಸ್ಸಿನವರ ತಪ್ಪೇನಿಲ್ಲ, ಅವರು ಬರೆದೇ ಇದ್ದರು.

ಆದ್ದರಿಂದ ಊರು ಸೇರಿದ ಮೊದಲ ಸಂಜೆಯೇ ಬಸ್ ಸ್ಟಾಪಿಗೂ ದೋಣಿ ಬಂದು ನಿಲ್ಲುವ ಜೆಟ್ಟಿಗೂ ಹೋಗಿ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೆಳಗಿನ ಸಣ್ಣಕ್ಷರವೂ ಫೋಟೊದಲ್ಲಿ ಬರಲಿ. ಭಾನುವಾರದ ಪಟ್ಟಿ ಬೇರೆ ಇದೆಯಾ? ಸೀಸನ್ ಮುಗಿದ ಮೇಲೆ ದೋಣಿ ಕಡಿಮೆಯಾಗುತ್ತಾ? ಗಾಳಿ ಜೋರಿದ್ದರೆ ದೋಣಿ ಬಿಡ್ತಾರಾ? ಸೈಕಲ್ ಹತ್ತಿಸಬಹುದಾ? ಕೈ ತೋರಿಸಿದರೆ ಮಾತ್ರ ನಿಲ್ಲುವ ಸ್ಟಾಪು ಯಾವುದು? ಈ ಐದು ಪ್ರಶ್ನೆ ಜೆಟ್ಟಿಯಲ್ಲಿ ಟಿಕೆಟ್ ಕೊಡುವವರನ್ನು ಕೇಳಿ. ಫೋನಿನಲ್ಲಿ ಹುಡುಕುವುದಕ್ಕಿಂತ ಬೇಗ ಸಿಗುತ್ತದೆ, ಜೊತೆಗೆ ಆ ಊರಲ್ಲಿ ನಿಮ್ಮ ಮುಖ ಗುರುತು ಇರುವವರು ಒಬ್ಬರು ಆಗುತ್ತಾರೆ. ಆಮೇಲೆ ಅದು ಎಷ್ಟು ಉಪಯೋಗಕ್ಕೆ ಬರುತ್ತೆ ನೋಡಿ.

ಎಷ್ಟು ದೂರ ನಡೆಯಬಹುದು ಅನ್ನುವುದಕ್ಕೆ ಒಂದು ಹಳೆಯ ಲೆಕ್ಕ ಇದೆ. ಸ್ಕಾಟ್‌ಲೆಂಡಿನ ಬೆಟ್ಟ ಹತ್ತುವವರಲ್ಲಿ ಒಬ್ಬರಾದ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದರೆ ಸುಮಾರು ಮೂರು ಗಂಟೆ ಆಯಿತು. ಇದು ನಿಲ್ಲದೆ ನಡೆಯುವ, ಕಾಲು ಗಟ್ಟಿ ಇರುವವರ ಲೆಕ್ಕ. ನನ್ನಂಥವರು ಅದಕ್ಕೆ ಅರ್ಧ ಸೇರಿಸಿಕೊಳ್ಳಬೇಕು, ನಾಲ್ಕೂವರೆ ಗಂಟೆ. ಮದುವೆಯಾಗಿ ತುಂಬ ವರ್ಷ ಆಗಿದ್ದರೆ ಇನ್ನರ್ಧ ಗಂಟೆ, ಯಾವ ದಾರಿ ಅಂತ ಜಗಳ ಆಡೋಕೆ.

"ಸುಮ್ನೆ ಸರೋವರವನ್ನು ಒಂದು ಸುತ್ತು ಹಾಕಿಬಿಡೋಣ" ಅಂತ ಮಾತ್ರ ಹೊರಡಬೇಡಿ. ಎದುರು ದಡ ಹತ್ತಿರ ಕಾಣುತ್ತದೆ, ಅದೇ ಮೋಸ. ಅಡ್ಡಗಲ 3 ಕಿಲೋಮೀಟರ್ ಇರುವ ಪೂರಾ ದುಂಡನೆಯ ಸರೋವರ ಅಂತಿಟ್ಟುಕೊಂಡರೂ ಸುತ್ತಳತೆ ಒಂಬತ್ತೂವರೆ ಕಿಲೋಮೀಟರ್ ಆಗುತ್ತದೆ. ಸರೋವರಗಳು ಎಲ್ಲಿ ದುಂಡಗಿರುತ್ತವೆ? ಪ್ರತಿ ಮೂಲೆಯೂ ಒಂದಿಷ್ಟು ಒಳಗೆ ಹೋಗಿ ಬರುತ್ತದೆ. ಸುತ್ತು ಹಾಕಲು ಸೈಕಲ್ ಒಳ್ಳೆಯದು. ಆರಾಮಾಗಿ ತುಳಿದರೂ ಗಂಟೆಗೆ 12ರಿಂದ 15 ಕಿಲೋಮೀಟರ್ ಸಾಗುತ್ತದೆ. ಬಾಡಿಗೆ ಸೈಕಲ್ ತಗೊಂಡರೆ ಅಂಗಡಿ ಮುಂದೆಯೇ ಎರಡು ಕೆಲಸ ಮಾಡಿ. ಎರಡೂ ಬ್ರೇಕು ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಆಮೇಲೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ, ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಮೊದಲ ದಿನವೇ ಮಂಡಿ ದೂರು ಹೇಳುತ್ತದೆ. ಇನ್ನೊಂದು, ನೀರಿನ ಪಕ್ಕದ ರಸ್ತೆ ಅಂದರೆ ಸಮತಟ್ಟು ಅಂದುಕೊಳ್ಳಬೇಡಿ. ಬಂಡೆ ನೀರಿಗೆ ಇಳಿಯುವ ಕಡೆ ರಸ್ತೆ ಬೇರೆ ದಾರಿ ಇಲ್ಲದೆ ಮೇಲಕ್ಕೆ ಹತ್ತುತ್ತದೆ. ನಕ್ಷೆಯಲ್ಲಿ ಎತ್ತರದ ಗೆರೆಗಳು ದಡದ ಹತ್ತಿರ ಒತ್ತಾಗಿದ್ದರೆ ಅಲ್ಲಿ ಬೆವರು ಗ್ಯಾರಂಟಿ.

ನಕ್ಷೆಯನ್ನು ಹೊರಡುವ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ನೀವು ಎಲ್ಲಿದ್ದೀರಿ ಅಂತ ಜಿಪಿಎಸ್ ತೋರಿಸುತ್ತದೆ, ಆದರೆ ಅದರ ಕೆಳಗೆ ಹಾಸಲು ನಕ್ಷೆ ಬೇಕಲ್ಲ. ಬ್ಯಾಟರಿ ಹೋದರೆ ಕೈ ಇದೆ. ಕೈ ಚಾಚಿ ಸೂರ್ಯನಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಹಿಡಿಯುತ್ತವೆ ಎಣಿಸಿ, ಬೆರಳಿಗೆ ಸುಮಾರು ಹದಿನೈದು ನಿಮಿಷ. ನಾಲ್ಕು ಬೆರಳು ಉಳಿದಿದೆ ಅಂದರೆ ಸೂರ್ಯ ಮುಳುಗಲು ಒಂದು ಗಂಟೆ. ಸುತ್ತ ಬೆಟ್ಟ ಇದ್ದರೆ ಅದಕ್ಕೂ ಮೊದಲೇ ನೆರಳು ಬೀಳುತ್ತದೆ, ನೆರಳು ಬಿದ್ದ ಕೂಡಲೇ ಚಳಿ.

ಐದು ದಿನದಲ್ಲಿ ಒಂದು ದಿನ ಪೂರ್ತಿ ಖಾಲಿ ಬಿಡಿ. ಎಲ್ಲಿಗೂ ಹೋಗಬೇಡಿ. ಸ್ನೇಹಿತರು ಹೇಳಿದ ಬೋರ್ ಅಂದರೆ ಏನು ಅಂತ ಅವತ್ತು ಗೊತ್ತಾಗಲಿ.

ಪ್ರಶ್ನೆ: ಸರೋವರದಲ್ಲಿ ಕಯಾಕ್ ನಡೆಸುವ ಆಸೆ. ಒಂದೇ ಒಂದು ಸಲ ಹುಟ್ಟು ಹಿಡಿದಿದ್ದೇನೆ. ಊಟ ಮುಗಿಸಿ ಮಧ್ಯಾಹ್ನ ಹೋಗೋಣ ಅಂತಿದ್ದೇವೆ, ಬಾಡಿಗೆಯೂ ಆಗ ಕಡಿಮೆಯಂತೆ. ಏನು ನೋಡಿಕೊಳ್ಳಬೇಕು?

ಉತ್ತರ: ಮಧ್ಯಾಹ್ನ ಬಾಡಿಗೆ ಯಾಕೆ ಕಡಿಮೆ ಅಂತ ಯೋಚಿಸಿದ್ದೀರಾ?

ಬಿಸಿಲೇರಿದಾಗ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ನೀರಿನ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಅದಕ್ಕೇ ಬೆಳಿಗ್ಗೆ ಕನ್ನಡಿಯಂತಿದ್ದ ಸರೋವರ ಮಧ್ಯಾಹ್ನದ ಹೊತ್ತಿಗೆ ಗೆರೆಗೆರೆಯಾಗಿ, ಆಮೇಲೆ ಸಣ್ಣ ಅಲೆಯಾಗಿ ಏಳುವುದು. ಹೊಸಬರಿಗೆ ಬೆಳಗಿನ ಹೊತ್ತೇ ಸರಿ. ಹತ್ತು ರೂಪಾಯಿ ಜಾಸ್ತಿಯಾದರೂ ಆಗಲಿ.

ನನ್ನ ಕಥೆ ಕೇಳಿ. ಮಧ್ಯಾಹ್ನ ಮೂರಕ್ಕೆ ಹೊರಟೆ. ಗಾಳಿ ಬೆನ್ನಿಗಿತ್ತು, ನನಗೆ ಗೊತ್ತೇ ಆಗಲಿಲ್ಲ. ಬೆನ್ನಿಗೆ ಬೀಸುವ ಗಾಳಿ ಗಾಳಿಯೇ ಅಲ್ಲ ಅನ್ನಿಸುತ್ತದೆ, ಎಲ್ಲ ನಮ್ಮ ತೋಳಿನ ಬಲ ಅಂದುಕೊಳ್ಳುತ್ತೇವೆ. ಅರ್ಧ ಗಂಟೆಯಲ್ಲಿ ದೂರದ ಒಂದು ಸಣ್ಣ ದ್ವೀಪದ ಹತ್ತಿರ ಬಂದೆ. ಹುಟ್ಟು ಹಾಕುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ ಅಂತ ಹೆಮ್ಮೆ ಬೇರೆ. ತಿರುಗಿಸಿದೆ ನೋಡಿ! ಮುಖಕ್ಕೆ ಗಾಳಿ, ಮೂತಿಗೆ ನೀರು. ಹುಟ್ಟಿನ ಮೇಲಿನ ಎಲೆಯನ್ನು ಗಾಳಿ ಹಿಡಿದು ತಿರುಚುತ್ತಿತ್ತು. ಭಯಕ್ಕೆ ಹಿಡಿ ಬಿಗಿಯಾಯಿತು, ಬಿಗಿ ಹಿಡಿದಿದ್ದಕ್ಕೆ ಮಣಿಕಟ್ಟು ಉರಿಯತೊಡಗಿತು, ಹೆಬ್ಬೆರಳಿನ ಬುಡದಲ್ಲಿ ಚರ್ಮ ಎದ್ದು ಬಂತು. ಸಾಗುತ್ತಿದ್ದೇನೋ ನಿಂತಿದ್ದೇನೋ ಅದೂ ತಿಳಿಯದು. ಬರಲು ಒಂದೂವರೆ ಗಂಟೆ ಹಿಡಿಯಿತು. ಬಾಡಿಗೆ ಕೊಟ್ಟವರು ಜೆಟ್ಟಿಯ ತುದಿಗೆ ಬಂದು ನಿಂತಿದ್ದರು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಇಲ್ಲೂ ಕಾಲ್ನಡಿಗೆಯ ಹಾಗೇ, ವಾಪಸ್ ಬರುವುದರ ಯೋಚನೆ ಮೊದಲು. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ಕಷ್ಟ ಪಡುವುದನ್ನು ತೋಳು ಗಟ್ಟಿ ಇರುವಾಗಲೇ ಪಟ್ಟುಬಿಡಿ, ಬರುವಾಗ ಗಾಳಿ ತಾನೇ ತಳ್ಳುತ್ತದೆ. ಗಾಳಿ ದಡದಿಂದ ನೀರಿನ ಕಡೆ ಬೀಸುತ್ತಿದ್ದರೆ ಇನ್ನೂ ಹುಷಾರು. ಆಗ ದಡದ ಹತ್ತಿರ ಮರ, ಮನೆಗಳ ಮರೆಯಲ್ಲಿ ನೀರು ನಯವಾಗಿ ಕಾಣುತ್ತದೆ. ಐವತ್ತು ಮೀಟರ್ ಮುಂದೆ ಹೋದರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಗಾಳಿ ತುಂಬಿದ ಆಟದ ತೆಪ್ಪಗಳನ್ನು ಅಂಥ ದಿನ ನೀರಿಗೆ ಇಳಿಸಲೇಬೇಡಿ.

ಮುಂದೆ ಸಾಗುತ್ತಿದ್ದೀರೋ ಇಲ್ಲವೋ ತಿಳಿಯಲು ದಡದಲ್ಲಿ ಎರಡು ಗುರುತು ಹಿಡಿಯಿರಿ. ನಿಮ್ಮ ಪಕ್ಕಕ್ಕೆ ಇರುವ ದಡದಲ್ಲಿ ಹತ್ತಿರದ್ದೊಂದು ಮರ, ಅದರ ಹಿಂದೆ ದೂರದ್ದೊಂದು ಕಂಬ. ಎರಡೂ ಒಂದಕ್ಕೊಂದು ಜರುಗುತ್ತಿದ್ದರೆ ದೋಣಿ ಸಾಗುತ್ತಿದೆ. ಜರುಗುತ್ತಿಲ್ಲ ಅಂದರೆ ಎಷ್ಟು ಬೆವರು ಸುರಿಸಿದರೂ ಅಲ್ಲೇ ಇದ್ದೀರಿ, ಹತ್ತಿರದ ದಡಕ್ಕೆ ತಿರುಗಿಸಿ, ಎಲ್ಲಿ ಆದರೂ ಸರಿ. ಅಲ್ಲಿಂದ ನಡೆದು ಬಂದು ಹೇಳಿದರಾಯಿತು.

ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಯಾರನ್ನಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿವರೆಗೆ ಬಂದರೆ ಸಡಿಲ. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ, ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಿ ಕೊಕ್ಕೆ ಹಾಕಿ, ದೋಣಿಗಲ್ಲ, ನಿಮ್ಮ ಮೈಗೆ ಕಟ್ಟಿಕೊಳ್ಳಿ. ಮಗುಚಿದರೆ ದೋಣಿ ಬಿಡಬೇಡಿ. ಅದು ತೇಲುತ್ತದೆ, ಹುಡುಕುವವರಿಗೆ ನಿಮ್ಮ ತಲೆಗಿಂತ ಅದು ಬೇಗ ಕಾಣುತ್ತದೆ.

ಪ್ರಶ್ನೆ: ಈಜುಕೊಳದಲ್ಲಿ ನಲವತ್ತು ಸುತ್ತು ಹೊಡೆಯುತ್ತೇನೆ. ಸರೋವರದಲ್ಲಿ ಎದುರು ದಡಕ್ಕೆ ಈಜಬಹುದಾ? ನೀರು ತಿಳಿಯಾಗಿದೆ, ತಳ ಕಾಣುತ್ತೆ ಅಂತ ಹೋಗಿ ಬಂದವರು ಹೇಳಿದರು.

ಉತ್ತರ: ಎದುರು ದಡಕ್ಕೆ ಬೇಡ. ದಡದ ಉದ್ದಕ್ಕೆ, ಕಾಲು ತಾಗುವ ಜಾಗ ಹತ್ತಿರದಲ್ಲೇ ಇರುವಂತೆ ಈಜಿ. ದೂರ ಅಷ್ಟೇ ಆಗುತ್ತದೆ, ಸುಸ್ತಾದರೆ ಪಕ್ಕಕ್ಕೆ ತಿರುಗಿದರೆ ಸಾಕು.

ತಳ ಕಾಣುತ್ತದೆ ಅನ್ನುವುದನ್ನು ನಂಬಬೇಡಿ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ಮೇಲಿನಿಂದ ನೋಡಿದಾಗ ಆಳ ನಿಜವಾದ್ದರ ಮುಕ್ಕಾಲು ಭಾಗವಷ್ಟೇ ಕಾಣುತ್ತದೆ. ಒಂದೂವರೆ ಮೀಟರ್ ಅಂದುಕೊಂಡು ಇಳಿದರೆ ಎರಡು ಮೀಟರ್ ಇರುತ್ತದೆ. ನಿಮಗೆ ಪರವಾಗಿಲ್ಲ, ಈಜು ಬಾರದೆ ಪಕ್ಕದಲ್ಲಿ ನೀರಾಡುವವರಿಗೆ ಅರ್ಧ ಮೀಟರ್ ಅಂದರೆ ಎದೆಗೂ ಮೂಗಿಗೂ ಇರುವ ಅಂತರ.

ಚಳಿಯ ವಿಷಯ ಇನ್ನೊಂದು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲಕ್ಕಿಂತ ಭಾರ. ಆಳದ ಸರೋವರಗಳಲ್ಲಿ ತಣ್ಣನೆಯ ನೀರು ಕೆಳಗೆ ಕೂತಿರುತ್ತದೆ, ಬಿಸಿಲಿಗೆ ಕಾದದ್ದು ಮೇಲೆ ಹೊದಿಕೆಯಂತೆ. ಕೈ ಹಾಕಿ ನೋಡಿ "ಬೆಚ್ಚಗಿದೆ" ಅಂದುಕೊಂಡು ಮುಳುಗು ಹಾಕಿದರೆ ಎರಡಾಳು ಕೆಳಗೆ ಬೇರೆಯೇ ಲೋಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಏಕಾಏಕಿ ಬಿದ್ದರೆ ಉಸಿರು ತಾನಾಗಿಯೇ ಒಳಕ್ಕೆ ಎಳೆಯುತ್ತದೆ, ಆಗ ಬಾಯಿ ನೀರಿನಲ್ಲಿದ್ದರೆ ಮುಗಿಯಿತು. ತಣ್ಣೀರಿನಲ್ಲಿ ಮೈ ಹೇಗೆ ವರ್ತಿಸುತ್ತದೆ ಅಂತ ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಕೆನಡಾದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ, 1-10-1. ತೀರಾ ತಣ್ಣನೆಯ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಇರುವ ಸಮಯ ಸುಮಾರು 1 ಗಂಟೆ. ಮೊದಲ ನಿಮಿಷ ಈಜಲು ಹೋಗದೆ ತೇಲಿಕೊಂಡಿರಿ, ಉಸಿರಾಟ ಸರಿಯಾಗಲಿ. ಸಾಮಾನ್ಯ ದಿನಗಳಲ್ಲೂ ಮೆಲ್ಲಗೆ ಇಳಿಯಿರಿ, ಮುಖಕ್ಕೆ ಕತ್ತಿಗೆ ನೀರು ಎರಚಿಕೊಂಡು.

ನೀರು ಹಸಿರು ಬಣ್ಣ ಚೆಲ್ಲಿದಂತೆ, ದಡದಲ್ಲಿ ಕೆನೆಗಟ್ಟಿದಂತೆ ಇದ್ದರೆ ಇಳಿಯಲೇಬೇಡಿ. ಅದರಲ್ಲಿ ವಿಷ ಉಗುಳುವ ನೀಲಿ-ಹಸಿರು ಪಾಚಿ ಇರಬಹುದು. ಜೊತೆಗೆ ನಾಯಿ ಇದ್ದರೆ ಅದಕ್ಕೂ ಕುಡಿಯಲು ಬಿಡಬೇಡಿ.

ಪ್ರಶ್ನೆ: ಅಮ್ಮನಿಗೆ ಅರವತ್ತೆಂಟು, ಮಂಡಿ ನೋವು. ನಾವೆಲ್ಲ ಬೆಟ್ಟ ಹತ್ತಿ ಬರುವವರೆಗೆ ರೂಮಿನಲ್ಲೇ ಕೂರುತ್ತೇನೆ ಅನ್ನುತ್ತಾರೆ. ಮನಸ್ಸಿಗೆ ಒಂಥರಾ ಆಗುತ್ತೆ.

ಉತ್ತರ: ಮೊದಲು ಅಮ್ಮನನ್ನೇ ಸರಿಯಾಗಿ ಕೇಳಿ. ರೂಮಿನಲ್ಲಿ ಒಬ್ಬರೇ ಕೂರುವುದು ಅವರಿಗೆ ಖುಷಿಯೂ ಇರಬಹುದು. ನಿಮ್ಮನ್ನೆಲ್ಲ ಸಾಕಿ ಸುಸ್ತಾಗಿದ್ದಾರೆ ಅವರು.

ಬರುತ್ತೇನೆ ಅಂದರೆ ದೋಣಿ ಇದೆ. ಇಳಿಯದೆ ಪೂರ್ತಿ ಸುತ್ತು ಕೂತುಬರಬಹುದಾ ಅಂತ ಕೇಳಿ, ಎಷ್ಟೋ ಕಡೆ ಬಿಡುತ್ತಾರೆ. ಜೆಟ್ಟಿಗೂ ದೋಣಿಗೂ ನಡುವಿನ ಮೆಟ್ಟಿಲು ಎಷ್ಟು ಎತ್ತರ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ, ನೀರಿನ ಮಟ್ಟ ಇಳಿದಾಗ ಅದು ಜಾಸ್ತಿಯಾಗುತ್ತದೆ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಶಿಕ್ಷೆ. ಗಾಡಿ ಮೊದಲು ಅಂದೆನಲ್ಲ, ಅದಕ್ಕೇ ಅಮ್ಮನ ವಿಷಯದಲ್ಲಿ ಅದು ಉಲ್ಟಾ. ಸ್ವಲ್ಪ ಏರು ಇದ್ದರೆ ನಿಧಾನವಾಗಿ ನಡೆದು ಹತ್ತಿ, ಇಳಿಯಲು ಗಾಡಿ. ಕೈಯಲ್ಲೊಂದು ಕೋಲು ಇರಲಿ.

ಮತ್ತೆ ಹಕ್ಕಿಗಳು. ಹಕ್ಕಿ ನೋಡುವುದು ಅಂದರೆ ಹಕ್ಕಿಯ ಹಿಂದೆ ಓಡುವುದು ಅಂದುಕೊಂಡಿದ್ದೇವೆ. ನೀರಿನ ಹಕ್ಕಿಗೆ ಕೂತಿರುವವರೇ ಇಷ್ಟ. ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಗುಳುಮುಳುಕವನ್ನು ತೋರಿಸಿ. ಮುಷ್ಟಿ ಗಾತ್ರದ್ದು, ಬಾಲವೇ ಇಲ್ಲವೇನೋ ಅನ್ನಿಸುವಂಥ ಹಕ್ಕಿ, ಈಗಿತ್ತು ಈಗಿಲ್ಲ ಅನ್ನುವಂತೆ ಮುಳುಗುತ್ತದೆ. ಎಲ್ಲಿ ಏಳುತ್ತದೆ ಅಂತ ಬಾಜಿ ಕಟ್ಟಿ. ಒಂದು ಗಂಟೆ ಹೋಗಿದ್ದೇ ತಿಳಿಯುವುದಿಲ್ಲ, ನೀವು ಸೋತಿರುತ್ತೀರಿ. ನೀರುಕಾಗೆ ರೆಕ್ಕೆ ಅಗಲಿಸಿ ಕಂಬದ ಮೇಲೆ ನಿಂತಿದ್ದರೆ ಬಟ್ಟೆ ಒಣಗಿಸುತ್ತಿದೆ ಅಂತಲೇ ತಿಳಿಯಿರಿ. ಬಾತುಕೋಳಿಯ ಹಾಗೆ ಅದರ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ, ಒದ್ದೆಯಾಗುತ್ತದೆ. ಒದ್ದೆಯಾದದ್ದೇ ಮುಳುಗಲು ಅನುಕೂಲ, ಎದ್ದ ಮೇಲೆ ಒಣಗಿಸುವ ಕೆಲಸ. ಮರಿ ಮಾಡುವ ಕಾಲವಾದರೆ ಗುಳುಮುಳುಕದ ಬೆನ್ನ ಮೇಲೆ ಗರಿಯೊಳಗಿಂದ ಇಣುಕುವ ಪಟ್ಟೆಪಟ್ಟೆ ತಲೆಗಳೂ ಕಂಡಾವು. ಅಮ್ಮಂದಿರಿಗೆ ಅದು ಬೇಗ ಕಾಣುತ್ತದೆ.

ಟೋಪಿ ಮರೆಯಬೇಡಿ. ನೀರಿನ ಪಕ್ಕ ನೆರಳು ಕಡಿಮೆ, ತಂಪು ಗಾಳಿಗೆ ಚರ್ಮ ಸುಡುವುದು ಗೊತ್ತಾಗುವುದಿಲ್ಲ. ನೀರಲ್ಲಿ ಮುಳುಗಿದ್ದರೂ ಅಷ್ಟೇ, ಅರ್ಧ ಮೀಟರ್ ಕೆಳಗೂ ಅತಿನೇರಳೆ ಕಿರಣ ಮೇಲಿರುವುದರ ಶೇ. 40ರಷ್ಟು ಇರುತ್ತದೆ.

ಪ್ರಶ್ನೆ: ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು. ಫೋನು ಕಿತ್ತುಕೊಂಡರೆ ಹತ್ತೇ ನಿಮಿಷಕ್ಕೆ "ಈಗ ಏನ್ ಮಾಡೋದು?" ದಡದಲ್ಲಿ ಇವರನ್ನು ಹೇಗೆ ಸುಧಾರಿಸುವುದು?

ಉತ್ತರ: ಕೆಲಸ ಕೊಡಿ, ಆಟ ಕೊಡಬೇಡಿ.

ಒಂದು ಬಿಳಿ ತಟ್ಟೆ ತಗೊಳ್ಳಿ. ಮೂರು ತೂತು ಮಾಡಿ ದಾರ ಕಟ್ಟಿ, ಕೆಳಗೆ ಒಂದು ಕಲ್ಲು. ದಾರಕ್ಕೆ ಅರ್ಧ ಮೀಟರಿಗೊಂದು ಗಂಟು. ಜೆಟ್ಟಿಯ ತುದಿಯಲ್ಲಿ ಬೋರಲು ಮಲಗಿ ಮೆಲ್ಲಗೆ ಇಳಿಬಿಡಲಿ, ತಟ್ಟೆ ಕಣ್ಣಿಗೆ ಮರೆಯಾದ ಗಂಟು ಯಾವುದು ಅಂತ ಬರೆದುಕೊಳ್ಳಲಿ. ಒಬ್ಬರು ಮಲಗಿದಾಗ ಇನ್ನೊಬ್ಬರು ಕಾಲು ಹಿಡಿದುಕೊಳ್ಳಬೇಕು, ದೊಡ್ಡವರು ಒಬ್ಬರು ಪಕ್ಕದಲ್ಲೇ ಇರಬೇಕು. ಇದು ಆಟವಲ್ಲ, 1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದ ನೀರು ಎಷ್ಟು ತಿಳಿ ಅಂತ ಅಳೆದದ್ದು ಬಿಳಿ ಬಿಲ್ಲೆ ಇಳಿಬಿಟ್ಟೇ. ಇವತ್ತಿಗೂ ಸರೋವರಗಳನ್ನು ಅಳೆಯುವವರು ಸೆಕ್ಕಿ ಬಿಲ್ಲೆ ಒಯ್ಯುತ್ತಾರೆ. ಬೆಳಿಗ್ಗೆ ಎಷ್ಟು, ಮಳೆ ಬಂದ ಮೇಲೆ ಎಷ್ಟು, ಹೊಳೆ ಬಂದು ಸೇರುವ ಕಡೆ ಎಷ್ಟು. ಹನ್ನೊಂದರವನಿಗೆ ನಾಲ್ಕು ದಿನದ ಕೆಲಸ ಆಯಿತು.

ಎಂಟರವಳಿಗೆ ಕಲ್ಲು. ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದು. 2004ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದರು, ಕಲ್ಲು ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿ ತಾಗಿದರೆ ಒಳ್ಳೆಯದು, ಗಿರಗಿರ ತಿರುಗುತ್ತಿರಬೇಕು. ಅಮೆರಿಕದ ಕರ್ಟ್ ಸ್ಟೈನರ್ 2013ರಲ್ಲಿ ಒಂದೇ ಕಲ್ಲನ್ನು 88 ಸಲ ಕುಪ್ಪಳಿಸಿದ್ದಾನೆ. ನನ್ನ ದಾಖಲೆ ಏಳು. ಅದರಲ್ಲೂ ಕೊನೆಯ ಎರಡಕ್ಕೆ ಸಾಕ್ಷಿ ಇಲ್ಲ.

ಸರೋವರ ತುಂಬ ಅಗಲ ಇದ್ದರೆ ಇನ್ನೊಂದು ತೋರಿಸಿ. ದೂರದ ದೋಣಿಯನ್ನು ನಿಂತು ನೋಡಲಿ, ಆಮೇಲೆ ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಲಿ. ಕೂತಾಗ ದೋಣಿಯ ಕೆಳಭಾಗ ಮುಳುಗಿರುತ್ತದೆ. ಕಣ್ಣು ನೀರಿನಿಂದ 1.7 ಮೀಟರ್ ಮೇಲಿದ್ದರೆ ದಿಗಂತ ಸುಮಾರು ನಾಲ್ಕೂಮುಕ್ಕಾಲು ಕಿಲೋಮೀಟರ್ ದೂರ, ಅರ್ಧ ಮೀಟರಿಗೆ ಇಳಿದರೆ ಎರಡೂವರೆ. ಭೂಮಿ ದುಂಡಗಿದೆ ಅಂತ ಪುಸ್ತಕದಲ್ಲಿ ಓದಿದ್ದು ಬೇರೆ, ಕೂತು ಎದ್ದು ನೋಡುವುದು ಬೇರೆ.

ಪ್ರಶ್ನೆ: ಮಳೆ ಬಂದರೆ?

ಉತ್ತರ: ನೆನೆಯಿರಿ. ಒಣ ಕಾಲುಚೀಲ ಒಂದು ಜೊತೆ ಜಾಸ್ತಿ ಇರಲಿ. ಗುಡುಗಿದರೆ ಮಾತ್ರ ಆಟ ನಿಲ್ಲಿಸಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಕೇಳಿಸಿತು ಅಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ನೀರಿನಿಂದ, ಜೆಟ್ಟಿಯಿಂದ, ಒಂಟಿ ಮರದ ಕೆಳಗಿಂದ ದೂರ ಹೋಗಿ, ಕಟ್ಟಡದ ಒಳಗೆ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ವಾಪಸ್ ನೀರಿಗಿಳಿಯಬೇಡಿ.

ಪ್ರಶ್ನೆ: ನಮ್ಮ ಮನೆಯವರು ಬಾಡಿಗೆ ಕಾರು ತಗೊಳ್ಳಲೇಬೇಕು ಅಂತ ಹಟ ಹಿಡಿದಿದ್ದಾರೆ. ನೀವೇ ಒಂದು ಮಾತು ಬರೆಯಿರಿ.

ಉತ್ತರ: ನನ್ನನ್ನು ಯಾಕೆ ಮಧ್ಯೆ ಎಳೀತೀರಿ! ಕೈಗೂಸು ಇದ್ದರೆ, ಮನೆಯಲ್ಲಿ ಯಾರಿಗಾದರೂ ಆಗಾಗ ಆಸ್ಪತ್ರೆ ಬೇಕಾಗುತ್ತದೆ ಅಂದರೆ ತಗೊಳ್ಳಿ, ಅದರಲ್ಲಿ ತಪ್ಪಿಲ್ಲ. ಇಲ್ಲದಿದ್ದರೆ ರಾಜಿ ಮಾಡಿಕೊಳ್ಳಿ, ಒಂದೇ ದಿನಕ್ಕೆ, ಅದೂ ಕೊನೆಯ ದಿನ. ಮೊದಲ ದಿನವೇ ತಗೊಂಡರೆ ಕಾರು ಸುಮ್ನೆ ನಿಂತಿದೆಯಲ್ಲ ಅಂತ ಹೊಟ್ಟೆ ಉರಿದು ದಿನಾ ಎಲ್ಲಿಗಾದರೂ ಓಡಿಸುತ್ತೀರಿ, ಮನೆ ಮುಂದಿನ ನೀರಿಗೆ ಕಾಲಿಡದೆ ವಾಪಸ್ ಬರುತ್ತೀರಿ.

ಪ್ರಶ್ನೆ: ಕೊನೆಯ ದೋಣಿ ಐದೂವರೆಗೆ, ಆರಕ್ಕೆ ಅಂಗಡಿಗಳೂ ಮುಚ್ಚುತ್ತವಂತೆ. ಆಮೇಲೆ ಮಲಗುವವರೆಗೆ ಏನು ಮಾಡುವುದು?

ಉತ್ತರ: ದಿನದ ಒಳ್ಳೆಯ ಹೊತ್ತು ಆಗಲೇ ಶುರು. ಬಸ್ಸಲ್ಲಿ ಬಂದು ಹೋಗುವವರೆಲ್ಲ ಹೋಗಿರುತ್ತಾರೆ, ಗಾಳಿ ಬಿದ್ದಿರುತ್ತದೆ. ಜೆಟ್ಟಿಯ ಮೇಲೆ ದಪ್ಪ ಬಟ್ಟೆ ಹಾಕಿಕೊಂಡು ಕೂರಿ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಒಂದು ಸಲ ಫೋನು ತೆರೆದರೂ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡರೆ ಅಷ್ಟು ತೊಂದರೆ ಇಲ್ಲ. ಆಮೇಲೆ ನೋಡಿ, ನಕ್ಷತ್ರ ಮೇಲೂ ಇರುತ್ತವೆ, ಕೆಳಗೂ.

ಒಂದು ಎಚ್ಚರಿಕೆ ಮಾತ್ರ. ಸಂಜೆ ನೀರಿನ ಮೇಲಿನ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಗಾಳಿ ಇರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಮತ್ತೆ ನೀರಿನ ಕಡೆಗೇ ಬರುತ್ತದೆ, ತುಂಬ ದೂರ ಸಾಗುತ್ತದೆ. ಆ ದಡದಲ್ಲಿ ಯಾರೋ ಪಾತ್ರೆ ಇಟ್ಟ ಸದ್ದು ಈ ದಡಕ್ಕೆ ಸ್ಪಷ್ಟ. ನಾನೊಮ್ಮೆ ಹೀಗೇ ಕೂತು ಪಕ್ಕದ ರೂಮಿನವರ ಗೊರಕೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆ. ಅವರು ಆಚೆ ಜೆಟ್ಟಿಯಲ್ಲಿ ಕೂತಿದ್ದರು.